ಭಾವನವರ ಗುಪ್ತ ಫೋಲ್ಡರು

ನಮ್ಮ ಭಾವನವರ ಲ್ಯಾಪ್‌ಟಾಪ್‌ನಲ್ಲಿ ‘ಯಾರೂ ತೆರೆಯಬಾರದು’ ಎಂಬ ಫೋಲ್ಡರ್ ಇದೆ. ಮನೆಯ ಹುಡುಗರು ಮೊದಲು ತೆರೆಯುವುದೇ ಅದನ್ನು. ಒಳಗೆ ಬ್ಯಾಂಕು, ವಿಮೆ, ಆದಾಯ ತೆರಿಗೆ, ಎಲ್ಲದರ ಪಾಸ್‌ವರ್ಡೂ ಒಂದೇ ಎಕ್ಸೆಲ್ ಹಾಳೆಯಲ್ಲಿ, ಅಂದವಾಗಿ ಬಣ್ಣ ಬಳಿದು! “ಬೀಗ ಹಾಕಿ ಭಾವ” ಎಂದರೆ, “ಕಂಪ್ಯೂಟರಿಗೇ ಪಿನ್ ಇದೆಯಲ್ಲೋ” ಎನ್ನುತ್ತಾರೆ. ಆ ಪಿನ್ನು ಅವರ ಸ್ಕೂಟರಿನ ನಂಬರು. ಸ್ಕೂಟರು ಬೀದಿಯಲ್ಲೇ ನಿಂತಿರುತ್ತದೆ.

ಅವರೊಬ್ಬರನ್ನೇ ಏಕೆ ಅನ್ನಲಿ? ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ಇಸವಿ. ಮಗಳ ಜಾತಕ ಹಂಚಿದವರೆಲ್ಲ ಕೀಲಿಕೈಯನ್ನೂ ಹಂಚಿದಂತೆಯೇ.

ರೋಗ ಹಳೆಯದು. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆಲನ್ ಶೆರ್ ಎಂಬಾತ, ತನಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದೆ, ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಂಡುಬಿಟ್ಟ. ಪಾಸ್‌ವರ್ಡು ಕಂಪ್ಯೂಟರಿಗೆ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕಳ್ಳಗಂಡಿ ಆಗಲೇ ತಯಾರು.

ಕೊನೆಗೆ ಭಾವನಿಗೆ ಕೀಪಾಸ್ ಎಂಬ, ಪಾಸ್‌ವರ್ಡು ಕಾಯುವ ತಂತ್ರಾಂಶ ಹಾಕಿಕೊಟ್ಟೆ. ಎಲ್ಲ ಗುಟ್ಟೂ ಗೂಢಲಿಪಿಯಾಗಿ ಒಂದೇ ಕಡತದಲ್ಲಿ. ನೆನಪಿಡಬೇಕಾದ್ದು ಒಂದೇ ಪಾಸ್‌ವರ್ಡು. ಆ ಒಂದನ್ನು ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ದಪ್ಪಗೆ ಬರೆದಿದ್ದಾಳೆ. ಹಾಲಿನವನಿಗೂ ಓದಲು ಅನುಕೂಲ.