ಟಿಣ್ ಅಂತು ಗಲ್ಲಾ!

ಎಟಿಎಂ ಬಾಯಿಂದ ದುಡ್ಡು ಬಂದ ಕೂಡ್ಲೇ ನೀವೇನ್ ಮಾಡ್ತೀರಿ, ಹೇಳಿ ನೋಡೋಣ? ಗೋಡೆ ಕಡೆ ತಿರುಗಿ ಎಣಿಸ್ತೀರಿ ತಾನೇ? ಅದೂ ಒಂದ್ಸಲ ಅಲ್ಲ, ಎರಡ್ಸಲ. (ಬೀಗರು ಕೊಟ್ಟ ಮುಯ್ಯಿ ಕವರನ್ನ ಮಾತ್ರ ಬಾತ್‌ರೂಮಿಗೆ ಒಯ್ದು ಎಣಿಸ್ತೀರಿ. ನಂಗೊತ್ತು.) ಒಂದು ನೋಟು ಕಮ್ಮಿ ಬಂತು ಅಂತಿಟ್ಕೊಳ್ಳಿ, ಆ ಡಬ್ಬದ ಜೊತೆ ಜಗಳಕ್ಕೆ ನಿಲ್ತೀರಾ?

ನಾಚ್ಕೋಬೇಡಿ. ಆ ಮಷೀನಿನ ವಂಶವೇ ಅನುಮಾನದ ವಂಶ. ಮುಂದಿನ ಸಲ ಹೋದಾಗ ಅದರ ಮೈಮೇಲೆ 'ಎನ್‌ಸಿಆರ್' ಅಂತ ಇದೆಯಾ ನೋಡಿ, ನಮ್ಮ ಕಡೆ ಎಷ್ಟೋ ಎಟಿಎಂಗಳ ಮೇಲೆ ಇರುತ್ತೆ. ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಅಂತ ಪೂರ್ತಿ ಹೆಸರು. ಅರ್ಥ ಬಿಡಿಸಿ ಹೇಳೋದಾದ್ರೆ, ಗಲ್ಲಾ ಮೇಲೆ ಕೂತವನನ್ನ ನಂಬಬೇಡ.

ಕಥೆ ಶುರುವಾಗೋದು ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಲ್ಲಿ. ಅಲ್ಲಿ ಜೇಮ್ಸ್ ರಿಟಿ ಅನ್ನೋನು ಸಲೂನ್ ಇಟ್ಟಿದ್ದ. (ಕಟಿಂಗ್ ಶಾಪ್ ಅಲ್ರೀ, ಬಾರು!) ದಿನಾ ಗಿರಾಕಿಗಳು ಗಿಜಿಗಿಜಿ, ರಾತ್ರಿ ಲೆಕ್ಕ ಹಾಕಿದ್ರೆ ಲಾಸು. ಒಂದು ಗ್ಲಾಸಿನ ದುಡ್ಡು ಗಲ್ಲಾಕ್ಕೆ ಬಿದ್ರೆ ಇನ್ನೊಂದರದ್ದು ಕೆಲಸದ ಹುಡುಗರ ಜೇಬಿಗೆ. ತಲೆ ಕೆಟ್ಟು 1878ರಲ್ಲಿ ಯುರೋಪಿಗೆ ಹಡಗು ಹತ್ತಿದ.

ಹಡಗಲ್ಲಿ ಅವನ ಕಣ್ಣಿಗೆ ಬಿದ್ದಿದ್ದು ಪ್ರೊಪೆಲರ್ ಎಷ್ಟು ಸುತ್ತು ತಿರುಗಿತು ಅಂತ ತಾನೇ ಎಣಿಸೋ ಒಂದು ಯಂತ್ರ. (ನೀವಾಗಿದ್ರೆ ಅದರ ಪಕ್ಕ ನಿಂತು ಸೆಲ್ಫಿ ತಗೊಂಡು ಬರ್ತಿದ್ರಿ.) ಸುತ್ತು ಎಣಿಸೋದು ದುಡ್ಡು ಯಾಕೆ ಎಣಿಸಬಾರದು? ಊರಿಗೆ ಬಂದು, ಮೆಕ್ಯಾನಿಕ್ ಕೆಲಸ ಗೊತ್ತಿದ್ದ ಸೋದರ ಜಾನ್‌ನ ಕೂರಿಸ್ಕೊಂಡು ಗಡಿಯಾರದ ಥರ ಒಂದು ಮಷೀನ್ ಮಾಡಿದ. ಒಂದು ಮುಳ್ಳು ಡಾಲರಿಗೆ, ಒಂದು ಸೆಂಟ್ಸಿಗೆ. 1879ರಲ್ಲಿ ಪೇಟೆಂಟೂ ಬಂತು. ಹೆಸರು ಏನಿಟ್ಟ ಗೊತ್ತಾ? 'ಇನ್‌ಕರಪ್ಟಿಬಲ್ ಕ್ಯಾಷಿಯರ್', ಅಂದ್ರೆ ಕೈ ಕೆಡದ ಕ್ಯಾಷಿಯರ್!

ಮಷೀನ್ ಏನೋ ಚೆನ್ನಾಗಿತ್ತು, ವ್ಯಾಪಾರ ಆಗಲಿಲ್ಲ. ಅವರ ಕೈ ಇವರ ಕೈ ದಾಟಿ 1884ರಲ್ಲಿ ಜಾನ್ ಪ್ಯಾಟರ್ಸನ್ ಅನ್ನೋ ಮಹಾನುಭಾವ 6,500 ಡಾಲರ್ ಕೊಟ್ಟು ಕಂಪನೀನೇ ಕೊಂಡ, ಅದೇ ಎನ್‌ಸಿಆರ್ ಆಯ್ತು. ತನ್ನ ಅಂಗಡೀಲಿ ಈ ಮಷೀನ್ ಇಟ್ಟ ಮೇಲೆ ಲಾಸು ನಿಂತಿತ್ತಲ್ಲ, ಆ ಗುಂಗು. ಊರೋರೆಲ್ಲ ನಕ್ರು. ನೀವು ಸೈಟಿಗೆ ಅಡ್ವಾನ್ಸ್ ಕೊಟ್ಟು ಬಂದು ರಾತ್ರಿಯೆಲ್ಲ ಹೊರಳಾಡಿದ್ರಲ್ಲ, ಹಂಗಾಯ್ತು ಅವನ ಗತಿ. '2,000 ಡಾಲರ್ ಕೊಡ್ತೀನಿ, ವಾಪಸ್ ತಗೊಳ್ಳಿ' ಅಂತ ಗೋಗರೆದನಂತೆ. ಮಾರಿದವನು ಪುಕ್ಕಟೆ ಕೊಟ್ರೂ ಬೇಡ ಅಂದನಂತೆ.

ಈಗ ಆ 'ಟಿಣ್' ವಿಷಯಕ್ಕೆ ಬರೋಣ. ಡ್ರಾಯರ್ ತೆರೆದಾಗೆಲ್ಲ ಗಂಟೆ ಹೊಡ್ಕೊಳ್ತಿತ್ತಲ್ಲ, ಅದು ಗಿರಾಕಿಗೆ ಸ್ವಾಗತ ಕೋರೋಕೆ ಅಂದ್ಕೊಂಡ್ರಾ? ಒಳಗಡೆ ಕೂತ ಯಜಮಾನನ ಕಿವಿಗೆ ಅದು. ಗಂಟೆ ಬಾರಿಸದೆ ಗಲ್ಲಾ ತೆರೆಯೋ ಹಂಗಿಲ್ಲ. ಕೆಲಸದವರಿಗೆ ಎಷ್ಟು ಉರಿದಿರಬೇಡ! ನಮ್ಮನ್ನ ಕಳ್ಳರು ಅಂತೀರಾ ಅಂತ ಅವರು ಸಿಡಿದೆದ್ರು.

ನಮ್ಮ ದರ್ಶಿನಿಗಳಲ್ಲಿ ಈ ಗಂಟೆ ಯಾಕೆ ಅಷ್ಟು ಕೇಳಿಸ್ಲಿಲ್ಲ ಅಂತೀರಿ? ಅಲ್ಲಿ ಗಲ್ಲಾ ಮೇಲೆ ಯಜಮಾನರೇ ಕೂರ್ತಾರೆ. ಅವರು ಊರಿಗೆ ಹೋದ್ರೆ ಭಾಮೈದ. (ಭಾಮೈದನ ಮೇಲೆ ಕಣ್ಣಿಡೋಕೆ ಅಕ್ಕ.) ಆದ್ರೆ ಈಗ ನೋಡಿ, ತರಕಾರಿ ಗಾಡೀಲೂ ಒಂದು ಡಬ್ಬಿ ಕೂತಿದೆ. ನೀವು ಸ್ಕ್ಯಾನ್ ಮಾಡಿದ ತಕ್ಷಣ 'ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ' ಅಂತ ಬೀದಿಗೆಲ್ಲ ಕೂಗುತ್ತೆ. ಅದೇ ಗಂಟೆ ಕಣ್ರೀ! ಆಗ ಅನುಮಾನ ಕ್ಯಾಷಿಯರ್ ಮೇಲಿತ್ತು, ಈಗ ನಿಮ್ಮ ಮೇಲೆ ಬಂದಿದೆ, ಅಷ್ಟೇ ವ್ಯತ್ಯಾಸ.

ಪ್ಯಾಟರ್ಸನ್ ಅಂಥಿಂಥ ಆಸಾಮಿ ಅಲ್ಲ. ಸೇಲ್ಸ್‌ಮನ್‌ಗಳು ಏನು ಮಾತಾಡಬೇಕು ಅಂತ 1887ರಲ್ಲೇ ಪುಸ್ತಕ ಮಾಡಿಸಿ ಉರು ಹೊಡೆಸಿದ. ಮೊದಲು ಮಷೀನ್ ಸುದ್ದಿ ಎತ್ತಬೇಡಿ, ಅಂಗಡಿಯವನ ಕಷ್ಟಸುಖ ವಿಚಾರಿಸಿ ಅನ್ನೋದು ಅದರ ವರಸೆ. 'ತಗೊಳ್ಳೋದು ಬೇಡ ಅಕ್ಕಾ, ಸುಮ್ನೆ ನೋಡಿ' ಅಂತ ಸೀರೆ ಬಿಚ್ಚಿ ಹರಡ್ತಾರಲ್ಲ, ಆ ವರಸೆಗೆ ನೀವು ಎಷ್ಟು ಸಲ ಬಿದ್ದಿದ್ದೀರಿ? ಆಫೀಸರುಗಳನ್ನ ಬೆಳಗಾಗೋಕೆ ಮುಂಚೆ ಎಬ್ಬಿಸಿ ಕುದುರೆ ಹತ್ತಿಸ್ತಿದ್ದ. ಸಿಟ್ಟು ಬಂದ್ರೆ ಡಿಸ್‌ಮಿಸ್. ಒಬ್ಬ ಆಫೀಸಿಗೆ ಬಂದು ನೋಡ್ತಾನೆ, ಅವನ ಮೇಜು ಅಂಗಳದಲ್ಲಿ ಧಗಧಗ ಉರೀತಿತ್ತು ಅಂತ ಕಥೆ ಹೇಳ್ತಾರೆ. (ನಿಮ್ಮ ಬಾಸ್ ಪರವಾಗಿಲ್ಲ ಅನ್ನಿಸ್ತಾ?)

ಈಗ ಕೇಳಿ ತಮಾಷೆ. ಜಗತ್ತಿಗೆಲ್ಲ ಪ್ರಾಮಾಣಿಕತೆ ಮಾರಿದ ಈ ಕಂಪನಿ, ಪಕ್ಕದ ಕಂಪನಿಗಳನ್ನ ಮುಳುಗಿಸೋಕೆ ಕಳ್ಳದಾರಿ ಹಿಡಿದಿತ್ತು. ಥಾಮಸ್ ವಾಟ್ಸನ್ ಅನ್ನೋ ಚುರುಕು ಹುಡುಗನ ಕೈಲಿ ಬೇರೇ ಯಾರದೋ ಅಂಗಡಿ ಅನ್ನೋ ಥರ ಸೆಕೆಂಡ್ ಹ್ಯಾಂಡ್ ರಿಜಿಸ್ಟರ್ ಅಂಗಡಿ ಹಾಕಿಸಿ, ಎದುರಾಳಿಗಳಿಗಿಂತ ಅಗ್ಗಕ್ಕೆ ಮಾರಿಸ್ತು. ಕೇಸ್ ಬಿತ್ತು. 1913ರ ಫೆಬ್ರವರೀಲಿ ಪ್ಯಾಟರ್ಸನ್, ವಾಟ್ಸನ್ ಸೇರಿ ಎರಡು ಡಜನ್‌ಗೂ ಹೆಚ್ಚು ಜನ ತಪ್ಪಿತಸ್ಥರು, ಯಜಮಾನನಿಗೆ ಒಂದು ವರ್ಷ ಜೈಲು ಅಂತ ತೀರ್ಪು. ಕೈ ಕೆಡದ ಕ್ಯಾಷಿಯರ್ ಮಾರೋನ ಕೈ ಸಿಕ್ಕಿಬಿತ್ತು!

ಆದ್ರೆ ಅದೃಷ್ಟ ನೋಡಿ. ಮಾರ್ಚ್‌ನಲ್ಲಿ ಡೇಟನ್‌ಗೆ ಊರು ಮುಳುಗೋ ಪ್ರವಾಹ ಬಂತು. ಪ್ಯಾಟರ್ಸನ್ ಗಲ್ಲಾ ಕೆಲಸ ನಿಲ್ಲಿಸಿ ಕಾರ್ಖಾನೇಲಿ ದೋಣಿ ಮಾಡಿಸಿದ. ಜನರನ್ನ ನೀರಿಂದ ಎತ್ತಿಸಿ, ಎತ್ತರದ ಜಾಗದಲ್ಲಿದ್ದ ಕಾರ್ಖಾನೆಗೇ ತಂದು ಊಟ, ಹಾಸಿಗೆ ಕೊಟ್ಟ. ಜೈಲಿಗೆ ಹೋಗಬೇಕಿದ್ದವನು ಊರಿಗೆ ದೇವರಾದ. 1915ರಲ್ಲಿ ಮೇಲಿನ ಕೋರ್ಟು ತೀರ್ಪನ್ನೂ ರದ್ದು ಮಾಡ್ತು. ವಾಟ್ಸನ್‌ಗೆ ಮಾತ್ರ ಅದಕ್ಕೂ ಮುಂಚೆಯೇ ಡಿಸ್‌ಮಿಸ್ ಯೋಗ ಬಂದಿತ್ತು. ಅವನು ಹೋಗಿ ಸೇರಿದ ಸಣ್ಣ ಕಂಪನಿಗೆ ಮುಂದೆ ಐಬಿಎಂ ಅಂತ ಹೆಸರಾಯ್ತು. ಎನ್‌ಸಿಆರ್‌ನಲ್ಲಿ ಗಲ್ಲಾಕ್ಕೆ ಕರೆಂಟು ಜೋಡಿಸಿದ ಕೆಟರಿಂಗ್ ಅನ್ನೋನು ಅಲ್ಲಿಂದ ಹೊರಬಿದ್ದು ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ. (ಕೆಲಸ ಹೋದ್ರೆ ಅಳಬೇಡಿ ಅನ್ನೋಕೆ ಇದಕ್ಕಿಂತ ಏನು ಬೇಕು?)

ಆಮೇಲಿನದ್ದು ಓಡಿಸ್ಕೊಂಡು ಹೇಳ್ತೀನಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಟ್ಟಿನ ಸಂದೇಶ ಬಿಡಿಸೋ ಯಂತ್ರಗಳನ್ನ ಅಮೆರಿಕದ ನೌಕಾಪಡೆಗೆ ಕಟ್ಟಿಕೊಟ್ಟಿದ್ದು ಇದೇ ಡೇಟನ್ ಕಾರ್ಖಾನೆ. (ಪಕ್ಕದ ಮನೆ ಮಾತು ಗೋಡೆಗೆ ಕಿವಿಯಿಟ್ಟು ಕೇಳೋ ನಿಮಗೆ ಇದರ ಕಷ್ಟ ಗೊತ್ತಿರುತ್ತೆ.) 1974ರಲ್ಲಿ ಟ್ರಾಯ್ ಅನ್ನೋ ಪಕ್ಕದೂರಿನ ಅಂಗಡೀಲಿ ಬಾರ್‌ಕೋಡ್ ಹಾಯಿಸಿ ಬಿಲ್ ಆದ ಮೊದಲ ಸಾಮಾನು ಚೂಯಿಂಗ್ ಗಮ್, ಆ ಬಿಲ್ ಮಷೀನೂ ಇವರದ್ದೇ. 1991ರಲ್ಲಿ ಫೋನ್ ಕಂಪನಿ ಎಟಿ ಅಂಡ್ ಟಿ ನುಂಗ್ತು, ಜೀರ್ಣ ಆಗದೆ 1996ರ ಕೊನೆಗೆ ಉಗುಳ್ತು. 2023ರಲ್ಲಿ ಮನೇಲಿ ಪಾಲೂ ಆಯ್ತು: ಅಂಗಡಿ ಗಲ್ಲಾ ವಾಯಿಕ್ಸ್ ಪಾಲಿಗೆ, ಎಟಿಎಂ ಅಟ್ಲಿಯೋಸ್ ಪಾಲಿಗೆ.

ಎಟಿಎಂ ಅಂದ ಮೇಲೆ ಒಂದು ಮಾತು. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕಿಗೆ ಮೊದಲ ನೋಟಿನ ಮಷೀನ್ ಕೊಟ್ಟಿದ್ದು ಬೇರೆಯವರು, ಎನ್‌ಸಿಆರ್ ಆಮೇಲೆ ಬಂದು ಬಾಚ್ಕೊಂಡಿದ್ದು. ಆ ಮೊದಲನೇದರ ಹಿಂದಿದ್ದ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಅವನು ಆರಂಕಿ ಪಿನ್ ಇಡೋಣ ಅಂದ, ಹೆಂಡತಿ 'ನಂಗೆ ನಾಲ್ಕೇ ನೆನಪಿರೋದು' ಅಂದ್ಲು, ನಾಲ್ಕಾಯ್ತಂತೆ.

ಅಷ್ಟು ಕಮ್ಮಿ ಮಾಡಿಕೊಟ್ರೂ ನಿಮ್ಮದು ಏನು? ಎಡಗೈ ಅಡ್ಡ ಹಿಡ್ದು, ಬೆನ್ನು ಬಗ್ಗಿಸಿ, ಸೆಕ್ಯುರಿಟಿ ತಾತನನ್ನೂ ದುರುಗುಟ್ಟಿ ನೋಡಿ ಪಿನ್ ಒತ್ತೋದು. ಅದೇ ಪಿನ್ನು ಕಾರ್ಡಿನ ಕವರ್ ಹಿಂದೆ ಬಾಲ್‌ಪೆನ್ನಲ್ಲಿ, ದಪ್ಪಕ್ಷರದಲ್ಲಿ! ಕವರ್ ಪರ್ಸಲ್ಲೇ ಇದೆಯಲ್ವಾ? ತೆಗೀರಿ, ಹರಿದು ಬಿಸಾಕಿ. ನಾನು ಆ ಕಡೆ ತಿರುಗಿರ್ತೀನಿ.