ನೀವು ಯಾರ ಪೈಕಿ?

ನಮ್ಮ ಅಕ್ಕನ ಮಗ ಬೆಂಗಳೂರಾಗ ಲಿನಕ್ಸ್ ಕರ್ನಲ್ಲಿಗೆ ಮಾಡ್ಯೂಲ್ ಬರಿಯಾಂವ. ಹಬ್ಬಕ್ಕಂತ ಬೈಲಹೊಂಗಲಕ್ಕ ಬಂದ್ರೂ ಹೋಳಿಗಿ ಬಿಟ್ಟು ಲ್ಯಾಪ್‌ಟಾಪಿನ ಮುಂದ ಮಾರಿ ಸಣ್ಣದು ಮಾಡಿ ಕುಂತಿದ್ದ. "ಮಾಮಾ, ಫಂಕ್ಷನ್ನು ಕರ್ನಲ್ಲಿನ ಸೋರ್ಸಿನ್ಯಾಗ ಕಣ್ಣಿಗೆ ಹೊಡದಂಗ ಕಾಣ್ತೈತಿ. ನನ್ನ ಮಾಡ್ಯೂಲಿಂದ ಕರದ್ರ 'ಅನ್‌ನೋನ್ ಸಿಂಬಲ್' ಅಂತೈತಿ!"

ಅನ್ನೂದ ಮತ್ತ! ನಮ್ಮೂರ ಬಜಾರದಾಗ ಯಾರದರ ಮನಿ ಕೇಳಿ ನೋಡ್ರಿ. ಗೊತ್ತಿದ್ರೂ ಮೊದಲ "ನೀವು ಯಾರ ಪೈಕಿ?" ಅಂತಾರ. ಕರ್ನಲ್ಲಿಂದೂ ಅದ ಚಾಳಿ. ಎಕ್ಸ್‌ಪೋರ್ಟ್ ಸಿಂಬಲ್ ಅಂತ ಚೀಟಿ ಹಚ್ಚಿದ ಫಂಕ್ಷನ್ ಅಷ್ಟ ಹೊರಗಿನ ಮಾಡ್ಯೂಲಿಗೆ ಸಿಗೂದು. ಚೀಟಿಗೆ ಜಿಪಿಎಲ್ ಅನ್ನೋ ಬಾಲ ಇತ್ತಂದ್ರ, ಲೈಸೆನ್ಸಿನ್ಯಾಗ ಜಿಪಿಎಲ್ ಪೈಕಿ ಅಂತ ಬರಕೊಂಡಾವ್ರಿಗಷ್ಟ.

ಮೊದಲ ಒಂದು ಸಂದಿ ಇತ್ರಿ. ಕಾಲ್‌ಸಿಮ್ಸ್ ಲುಕಪ್ ನೇಮ್ ಅನ್ನೋ ಫಂಕ್ಷನ್ನಿಗೆ ಹೆಸರು ಹೇಳಿದ್ರ ಚೀಟಿ ಇಲ್ಲದಾವ್ರ ವಿಳಾಸಾನೂ ಕೊಡ್ತಿತ್ತು. 2020ರಾಗ, 5.7ನೇ ಆವೃತ್ತಿಗೆ, ಅದರ ಚೀಟೀನ ಕಿತ್ತು ಒಗದ್ರು. ಹುಡುಗೂರು ಸುಮ್ನ ಕುಂದರ್ತಾರೇನ್ರಿ? ಕೆಪ್ರೋಬ್ ಹಿಡದ್ರು. ದೋಷ ಹುಡುಕಾಕ ಯಾವುದರ ಫಂಕ್ಷನ್ನಿನ ಮ್ಯಾಲ ಕಣ್ಣಿಡೂ ಸಾಧನ ಅದು. "ಇಂಥಾ ಮನಿಗೆ ಕಾವಲು ಕುಂದರ್ತೀನ್ರಿ" ಅಂದ್ರ ಸಾಕು, ಕರ್ನಲ್ಲು ತಾನ ವಿಳಾಸ ಬರದು ಕೈಯಾಗ ಇಡ್ತೈತಿ! ಅದನ್ನ ಕಿಸೆದಾಗ ಇಳಿಸಿ, ಕಾವಲಿಗೆ ಅವತ್ತ ರಾಜೀನಾಮೆ. ಅದರಾಗೂ ಮೊದಲ ಯಾರ ಮನಿ ಕೇಳ್ತಾರಂತೀರಿ? ಬಾಗಿಲ ಹಾಕಿದ್ದ ಆ ಲುಕಪ್ ನೇಮಿಂದ!

ವಿಳಾಸ ಸಿಕ್ರ ಮುಗೀಲಿಲ್ಲ. ಆ ಫಂಕ್ಷನ್ನು ಏನೇನು ಆರ್ಗ್ಯುಮೆಂಟ್ ಬೇಡ್ತೈತಿ ಅಂತ ಪಾಯಿಂಟರಿನ್ಯಾಗ ನಾವ ಬರದಿರ್ತೀವಿ. ಮುಂದಿನ ಆವೃತ್ತ್ಯಾಗ ಅವ್ರು ಒಂದು ಹೆಚ್ಚು ಮಾಡಿದ್ರ ಕಂಪೈಲರ್ ತುಟಿ ಬಿಚ್ಚಂಗಿಲ್ಲ, ಮಷೀನು ನೆಲಾ ಕಚ್ಚತೈತಿ. ಕೆಲವನ್ನಂತೂ ಕಂಪೈಲರ್ ಕರದಾವ್ರ ಕೋಡಿನ್ಯಾಗ ಕಲಸಿಬಿಟ್ಟಿರ್ತೈತಿ, ವಿಳಾಸಾನ ಇರಂಗಿಲ್ಲ. ದೊಡ್ಡಾವ್ರಿಗೂ ಈ ಗೋಳು ತಪ್ಪಿಲ್ಲ. 2019ರಾಗ 5.0 ಬಂದಾಗ ಪ್ರೊಸೆಸರಿನ ದಶಾಂಶ ಲೆಕ್ಕದ ಭಾಗ, ಎಫ್‌ಪಿಯು, ಬಳಸೂ ಫಂಕ್ಷನ್ನು ಕೈ ಬಿಟ್ಟು ಹೋಗಿ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮಿನ ಮಂದಿ ಪಾಡು ಪಟ್ರು. ಅವ್ರ ಲೈಸೆನ್ಸ್ ಬ್ಯಾರೆ, ಜಿಪಿಎಲ್ ಪೈಕಿ ಅಲ್ಲ. ಕಡೀಕ ಆ ಕೆಲಸದ ಕೋಡು ತಾವ ಬರಕೊಂಡ್ರು. ನನಗ ಕೇಳಿದ್ರ ಅವ್ರ ಮರ್ಯಾದಸ್ಥರು.

"ಅಲ್ಲೋ, ನಿನ್ನ ಮಾಡ್ಯೂಲನ್ನ ಕರ್ನಲ್ಲಿನೊಳಗ ಸೇರಿಸಕೋರಿ ಅಂತ ನೆಟ್ಟಗ ಕಳಿಸಿಬಿಡು. ಒಳಗಿನಾವ್ರಿಗೆ ಬೇಕಂದ್ರ ಚೀಟಿ ಹಚ್ಚಾಕ ಒಪ್ಪತಾರ" ಅಂದೆ.

ಹುಡುಗ ಹೌಹಾರಿದ. "ಮಾಮಾ! ಕಳಿಸಿದ್ರ ಅವ್ರು ನನ್ನ ಕೋಡು ಓದ್ತಾರಲ್ಲಾ!"