ಎರಡು ಓಎಸ್‌ಗಳ ಯಜಮಾನ

ಲ್ಯಾಪ್‌ಟಾಪ್ ಆನ್ ಆದೊಡನೆ ಕೆಲಸಕ್ಕೆ ಕೂರುವವರು ಸಾಮಾನ್ಯರು. ಕಪ್ಪು ಪರದೆಯ ಮೇಲೆ ಉಬುಂಟು ಲಿನಕ್ಸ್ ಎಂದೊಂದು ಸಾಲು, ವಿಂಡೋಸ್ ಎಂದೊಂದು ಸಾಲು ಮೂಡಿ, ಕೆಳಗೆ ಹತ್ತರಿಂದ ಸೊನ್ನೆಗೆ ಸೆಕೆಂಡುಗಳು ಇಳಿಯುವಾಗ ಬಾಣದ ಕೀಲಿಯ ಮೇಲೆ ಬೆರಳಿಟ್ಟು ಮುಗುಳ್ನಗುವವನು ಡ್ಯುಯಲ್ ಬೂಟ್ ಮಹಾಶಯ. ಒಂದೇ ಡಿಸ್ಕನ್ನು ಪಾಲು ಮಾಡಿ ಎರಡು ಓಎಸ್ ಕೂರಿಸಿರುವುದೇಕೆ ಎಂದು ಕೇಳಿದರೆ, ಕೇಳದಿದ್ದರೂ, ಆತ ಸ್ವಾತಂತ್ರ್ಯದ ಮಾತೆತ್ತುತ್ತಾನೆ. 1991ರ ಹೆಲ್ಸಿಂಕಿಯಿಂದ, ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್‌ನ ವಿದ್ಯಾರ್ಥಿ ದೆಸೆಯಿಂದ ಹೊರಟ ಕಥೆ ಕಾಫಿ ಆರಿದರೂ ಮುಗಿಯುವುದಿಲ್ಲ. ನನಗೆ ಕಾಣುವುದು ಬೇರೆ. ಆತನಿಗೆ ಲಿನಕ್ಸಿನ ಮೇಲಾಗಲಿ ವಿಂಡೋಸಿನ ಮೇಲಾಗಲಿ ಅಂಥ ಮೋಹವಿಲ್ಲ; ಬೇಕಿರುವುದು ಅವೆರಡರ ಜಗಳ, ಅದರಲ್ಲಿ ತನ್ನ ಪಂಚಾಯ್ತಿ.

ಗಡಿಯಾರವನ್ನೇ ನೋಡಿ. ಲ್ಯಾಪ್‌ಟಾಪನ್ನು ಆಫ್ ಮಾಡಿದರೂ ಮದರ್‌ಬೋರ್ಡಿನಲ್ಲಿ ಒಂದು ಗಡಿಯಾರ ಓಡುತ್ತಲೇ ಇರುತ್ತದೆ. ಅದು ತೋರಿಸುವುದು ನಮ್ಮೂರಿನ ಸಮಯವೆಂದು ವಿಂಡೋಸ್ ಭಾವಿಸುತ್ತದೆ, ಜಾಗತಿಕ ಸಮಯವಾದ ಯುಟಿಸಿ ಎಂದು ಲಿನಕ್ಸ್. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದಿದ್ದೇವೆ. ಹಾಗಾಗಿ ಲಿನಕ್ಸ್ ಮುಚ್ಚಿ ಮಧ್ಯಾಹ್ನ ಮೂರೂವರೆಗೆ ವಿಂಡೋಸ್ ತೆರೆದರೆ, ಇಂಟರ್ನೆಟ್ ಸಿಕ್ಕಿ ತಿದ್ದಿಕೊಳ್ಳುವವರೆಗೂ ಅದು ಬೆಳಗಿನ ಹತ್ತು ಎಂದೇ ಹಟ ಹಿಡಿಯುತ್ತದೆ. ಟರ್ಮಿನಲ್‌ನಲ್ಲಿ ಒಂದೇ ಒಂದು ಸಾಲು ಟೈಪಿಸಿದರೆ ಲಿನಕ್ಸ್ ಕೂಡ ಸ್ಥಳೀಯ ಸಮಯಕ್ಕೆ ಒಪ್ಪುತ್ತದೆ. ಇದು ಆತನಿಗೆ ಚೆನ್ನಾಗಿ ಗೊತ್ತು. ಮಾಡುವುದಿಲ್ಲ. ತಪ್ಪು ವಿಂಡೋಸಿನದು, ಲಿನಕ್ಸ್ ಏಕೆ ತಗ್ಗಬೇಕು? ಆ ಪರದೆಯಲ್ಲಿ ಗಂಟೆ ನೋಡಿ ನಿಶ್ಚಿಂತೆಯಿಂದ ಕುಳಿತ ಅತಿಥಿಗೆ ಬಸ್ಸು ತಪ್ಪಿದರೂ ಸರಿ, ತತ್ವ ಉಳಿಯಬೇಕು. (ಅತಿಥಿ ಯಾರೆಂಬುದು ಇಲ್ಲಿ ಮುಖ್ಯವಲ್ಲ.) ಇನ್ನು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಡಿಸ್ಕನ್ನು ಅರೆನಿದ್ದೆಯಲ್ಲಿ ಬಿಡುವುದು, ಆ ಡಿಸ್ಕಿನಲ್ಲಿ ಬರೆಯಲಾರೆನೆಂದು ಲಿನಕ್ಸ್ ಮುನಿಯುವುದು ನಿತ್ಯದ ವ್ಯಾಜ್ಯ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಅಪ್‌ಡೇಟಿನಿಂದ ಅನೇಕ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದೇ ಹೋಯಿತು. ಈ ವರ್ಗಕ್ಕೆ ಅದು ಸುಗ್ಗಿಯ ಕಾಲ.

ಹಳೆಯ ಲ್ಯಾಪ್‌ಟಾಪಿಗೆ ಇದರಿಂದ ಮರುಜೀವ ಬರುವುದಿಲ್ಲವೇ ಎನ್ನಬಹುದು. ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು, ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಅದಿಲ್ಲದ ಗಟ್ಟಿಮುಟ್ಟಾದ ಯಂತ್ರಗಳಿಗೆ ಲಿನಕ್ಸ್ ಒಳ್ಳೆಯ ದಾರಿ. ಆದರೆ ಅದಕ್ಕೆ ಲಿನಕ್ಸ್ ಒಂದೇ ಸಾಕಲ್ಲ, ವಿಂಡೋಸನ್ನು ಪಕ್ಕದಲ್ಲಿ ಸಾಕುವುದೇಕೆ? ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಬರೆದ ಹಳೆಯ ಕಡತಗಳಿವೆ, ಡಿಜಿಟಲ್ ಸಹಿಯ ತಂತ್ರಾಂಶವಿದೆ ಎನ್ನುತ್ತಾನೆ. ಒಪ್ಪೋಣ. ಹಾಗಿದ್ದರೆ ವರ್ಚುವಲ್ ಮೆಷೀನ್ ಹಾಕಿಕೊಂಡು ಲಿನಕ್ಸಿನೊಳಗೇ ವಿಂಡೋಸ್ ತೆರೆಯಬಹುದು, ರೀಸ್ಟಾರ್ಟ್ ಮಾಡುವ ಗೋಜೇ ಇಲ್ಲ. ಈ ಸಲಹೆ ಕೇಳಿದರೆ ಆತನ ಮುಖ ಹುಳ್ಳಗಾಗುತ್ತದೆ. 4 ಜಿಬಿ ರ‍್ಯಾಮಿನವರಿಗೆ ಅದು ಭಾರ, ಗ್ರಾಫಿಕ್ಸ್ ಕಾರ್ಡ್ ಬೇಡುವ ಆಟಗಳಿಗೆ ಒಗ್ಗದು, ನಿಜ. ನಮ್ಮ ಮಹಾಶಯನ ರ‍್ಯಾಮ್ 16 ಜಿಬಿ. ಆಡುವ ಆಟ ಸಾಲಿಟೇರ್.

ಇಷ್ಟಾದರೂ ನನ್ನ ವಾದಕ್ಕೆ ಪೂರ್ತಿ ಜಯ ಸಿಗುವುದಿಲ್ಲ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಯಾವುದೋ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಏಳುವುದಿಲ್ಲ. ಫಾರ್ಮ್ಯಾಟ್ ಮಾಡಬೇಕು, ಫೈಲು ಹೋಗುತ್ತದೆ ಎಂದು ಅಂಗಡಿಯವನು ಕೈ ಚೆಲ್ಲಿರುತ್ತಾನೆ. ಆಗ ಬರುವವನು ಇವನೇ. ಜೇಬಿನ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಎಬ್ಬಿಸುತ್ತಾನೆ. ಬಿಟ್‌ಲಾಕರಿನ ಬೀಗ ಬಿದ್ದಿರದಿದ್ದರೆ, ಡಿಸ್ಕ್ ಕೆಟ್ಟಿರದಿದ್ದರೆ, ಫೋಲ್ಡರುಗಳು ಒಂದೊಂದಾಗಿ ಕಾಣತೊಡಗುತ್ತವೆ. ಪ್ರಾಜೆಕ್ಟು, ಅಜ್ಜಿಯ ಫೋಟೊಗಳು, ಎಲ್ಲವನ್ನೂ ನಕಲು ಮಾಡಿಕೊಟ್ಟು, ದುಡ್ಡಿನ ಮಾತೆತ್ತಿದರೆ ಸಿಟ್ಟಾಗುತ್ತಾನೆ. ಸಲೀಸಾಗಿ ಒಂದೇ ಓಎಸ್ ಬಳಸಿಕೊಂಡಿದ್ದವನಿಗೆ ಈ ವಿದ್ಯೆ ಎಲ್ಲಿಂದ ಬರಬೇಕು? ಬೇಡದ ಜಗಳಗಳನ್ನು ತಾನಾಗಿ ತಂದುಕೊಂಡು ಬಿಡಿಸುತ್ತ ಕುಳಿತಿದ್ದಕ್ಕೇ ಬಂದದ್ದು. ಆ ರಾತ್ರಿ ಆತನ ಮುಂದೆ ಯಾರ ತರ್ಕವೂ ನಿಲ್ಲುವುದಿಲ್ಲ. ತೊಂದರೆ ಶುರುವಾಗುವುದು ಆಮೇಲೆ: ಆಕೆಯ ಡಿಸ್ಕಿನಲ್ಲಿ 50 ಜಿಬಿ ಜಾಗ ಖಾಲಿ ಬಿದ್ದಿರುವುದನ್ನು ಆತ ನೋಡಿಬಿಟ್ಟಿರುತ್ತಾನೆ.